ಚಾವಡಿಯಲ್ಲಿ ಆರಿದ ಬೆಳಕು

ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಗೆ ಝೆರಾಕ್ಸ್ ಯಂತ್ರ ಬಂದ ಹೊಸತು. ಅಪ್ಪ ತೀರಿಹೋಗಿ ಒಂದು ತಿಂಗಳಾಗಿತ್ತು. ಅವರ ಟ್ರಂಕಿನಲ್ಲಿ ಸಿಕ್ಕಿದ ಒಂದು ಹಾಳೆಯ ಪ್ರತಿ ಮಾಡಿಸಲು ಹೋಗಿದ್ದೆ. ಯಂತ್ರದ ಹೊಟ್ಟೆಯೊಳಗೆ ಹಸಿರು ಬೆಳಕು ಅತ್ತಿಂದಿತ್ತ ಸರಿಯಿತು, ಬೆಚ್ಚಗಿನ ಕಾಗದ ಹೊರಬಂತು, ಅದರ ಹಿಂದೆಯೇ ಒಂದು ವಾಸನೆ ಬಂತು. ಮೂಗಿನ ತುದಿಯನ್ನು ಚುರುಕ್ಕೆನ್ನಿಸುವ, ಹತ್ತಿರದಲ್ಲೇ ಸಿಡಿಲು ಬಡಿದ ಮೇಲೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲುವಂಥ ವಾಸನೆ. ಇನ್ನೊಂದು ಪ್ರತಿ ಬೇಕಾ ಎಂದು ಅಂಗಡಿಯವನು ಎರಡು ಸಲ ಕೇಳಿದನಂತೆ, ನನಗೆ ಕೇಳಿಸಲಿಲ್ಲ. ಅದು ನಮ್ಮ ಮನೆಯ ವಾಸನೆ. ಬಾಲ್ಯದ ಮನೆ ಎಂದರೆ ಒಬ್ಬೊಬ್ಬರಿಗೆ ಒಂದೊಂದು ವಾಸನೆ, ನಿಮಗೂ ಒಂದು ಇದ್ದೀತು. ನನ್ನ ಪಾಲಿಗೆ ಬಂದದ್ದು ಕಿಡಿ ಹಾರಿದ ಗಾಳಿಯ ವಾಸನೆ. ಅಪ್ಪ ಅದನ್ನು ಓಝೋನ್ ಎನ್ನುತ್ತಿದ್ದರು. ಅಮ್ಮ ಮಾತ್ರ ‘ನಿನ್ನ ಅಪ್ಪನ ಧೂಪ’ ಎಂದು ನಗುತ್ತಿದ್ದಳು.

ಅಪ್ಪ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅಲ್ಲಿ ಕಲಿತವರು ಬೆಳ್ತಂಗಡಿಯ ಒಳಗಿನ ಊರುಗಳಿಗೆ, ಬಂಟ್ವಾಳದ ಗುಡ್ಡದ ಶಾಲೆಗಳಿಗೆ ಮಾಸ್ಟ್ರುಗಳಾಗಿ ಹೋಗುವವರು. ವಸ್ತುವಿಗೆ ಮೂರು ಸ್ಥಿತಿ, ಘನ, ದ್ರವ, ಅನಿಲ ಎಂದು ಪುಸ್ತಕದಲ್ಲಿ ಇರುತ್ತಿತ್ತು. ಆ ಮೂರರ ಮೇಲೆ ಅಪ್ಪನಿಗೆ ಇನ್ನಿಲ್ಲದ ಕೋಪ. ಸೂರ್ಯ ಯಾವುದರಿಂದ ಆಗಿದ್ದಾನೆ, ಮಿಂಚು ಯಾವ ಸ್ಥಿತಿ, ಟ್ಯೂಬ್‌ಲೈಟಿನ ಒಳಗೆ ಉರಿಯುವುದು ಏನು ಎಂದು ಅನ್ನ ಕಲಸುತ್ತಾ ನಮ್ಮನ್ನು ಕೇಳುವರು. ನಾಲ್ಕನೆಯದು ಪ್ಲಾಸ್ಮಾ, ಅದನ್ನು ಕಣ್ಣಿಂದ ನೋಡದ ಮಾಸ್ಟ್ರು ಮಕ್ಕಳಿಗೆ ಹೇಳಲಾರ ಎಂಬುದು ಅವರ ಹಟ. ತೋರಿಸಲು ಸಲಕರಣೆ ಎಲ್ಲಿತ್ತು? ಅವರೇ ಮಾಡಿದರು. ಬಂಟ್ವಾಳ ಪೇಟೆಯಲ್ಲಿ ಮುಚ್ಚಿಹೋದ ಐಸ್‌ಕ್ಯಾಂಡಿ ಅಂಗಡಿಯ ಕಂಪ್ರೆಸರನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಗಾಳಿ ಎಳೆಯುವ ಪಂಪು ಮಾಡಿದರು. ಎರಡು ಮೊಳ ಉದ್ದದ ಗಾಜಿನ ನಳಿಗೆಗೆ ಎರಡೂ ತುದಿಯಲ್ಲಿ ಹಿತ್ತಾಳೆಯ ಮುಚ್ಚಳ ಕೂರಿಸಿದರು. ರೇಡಿಯೋ ರಿಪೇರಿಯವನಿಂದ ತಂದ, ಕರೆಂಟು ಕೂಡಿಡುವ ಹಳೆಯ ಕಂಡೆನ್ಸರುಗಳನ್ನು ಒಂದು ಮರದ ಪೆಟ್ಟಿಗೆಯಲ್ಲಿ ಜೋಡಿಸಿ, ಅಲ್ಲಿಂದ ಎರಡೂ ಮುಚ್ಚಳಕ್ಕೆ ತಂತಿ ಎಳೆದರು. ತರಬೇತಿ ಶಾಲೆಯಲ್ಲಿ ಕತ್ತಲಾಗುವ ಕೋಣೆ ಇರಲಿಲ್ಲ, ಮಾಡಿನಲ್ಲೆಲ್ಲ ಗಾಜಿನ ಹೆಂಚು. ಹಾಗಾಗಿ ನಮ್ಮ ಬಾಡಿಗೆ ಮನೆಯ ಚಾವಡಿಗೇ ಗೋಣಿಚೀಲದ ಪರದೆ ಬಿತ್ತು.

ಶನಿವಾರ ಮಧ್ಯಾಹ್ನ ಎಂಟು ಹತ್ತು ಮಂದಿ ಬರುತ್ತಿದ್ದರು. ಪಂಪು ಗುರ್ರೆನ್ನುತ್ತಾ ನಳಿಗೆಯ ಗಾಳಿ ಎಳೆದು ತೆಗೆಯುತ್ತಿದ್ದಂತೆ, ಏನೂ ಇಲ್ಲದಲ್ಲಿ ಒಂದು ಎಳೆ ಹುಟ್ಟುತ್ತಿತ್ತು. ಮೊದಲು ನೇರಳೆ, ಆಮೇಲೆ ಅಗಲವಾಗಿ ನಳಿಗೆ ತುಂಬಿದ ಗುಲಾಬಿ. ಅಷ್ಟು ಚಂದದ ಬಣ್ಣವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಪ್ಪನದು ಎರಡು ಕಟ್ಟುನಿಟ್ಟು. ಒಂದು, ಪೆಟ್ಟಿಗೆಯ ಹತ್ತಿರ ನಿಂತವನ ಎಡಗೈ ಬೆನ್ನ ಹಿಂದೆ ಇರಬೇಕು. ಎರಡೂ ಕೈಯಲ್ಲಿ ಮುಟ್ಟಿದರೆ ಕರೆಂಟು ಎದೆಯ ಮೂಲಕ ಹೋಗುತ್ತದೆ. ಇನ್ನೊಂದು, ಸ್ವಿಚ್ ಆರಿಸಿದ ಕೂಡಲೇ ಮರದ ಹಿಡಿಯ ಹಿತ್ತಾಳೆ ಸರಳನ್ನು ಕಂಡೆನ್ಸರಿನ ಎರಡೂ ತುದಿಗೆ ಮುಟ್ಟಿಸಬೇಕು. ಟಪ್ಪೆಂದು ಕಿಡಿ ಹಾರಿ ಒಳಗೆ ಉಳಿದದ್ದೆಲ್ಲ ಖಾಲಿ. ಆಮೇಲೆಯೇ ಧೂಪದ ವಾಸನೆ.

ಬರುವವರಲ್ಲಿ ಮಡಂತ್ಯಾರಿನ ಹಮೀದಣ್ಣ ನಮ್ಮ ಮನೆಯವನೇ ಆಗಿಬಿಟ್ಟಿದ್ದ. ತಂದೆ ಇಲ್ಲ, ತಾಯಿ ಆಸಿಯಮ್ಮ ಬೀಡಿ ಕಟ್ಟಿ ಓದಿಸಿದ ಒಬ್ಬನೇ ಮಗ. ತೆಳ್ಳಗೆ, ಅಂಗಿಯ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಬಂದು ಪಂಪಿಗೆ ಎಣ್ಣೆ ಹಾಕುತ್ತಿದ್ದ. ಅವನದೊಂದು ಅಭ್ಯಾಸ ನಮಗೆ ತಮಾಷೆ. ದೊಡ್ಡವರಿಗೆ ಏನು ಕೊಟ್ಟರೂ ಎರಡೂ ಕೈ ಜೋಡಿಸಿ, ಸ್ವಲ್ಪ ಬಗ್ಗಿ ಕೊಡುತ್ತಿದ್ದ. ಕೊಲ್ಲಿಯಲ್ಲಿದ್ದ ಮಾವ ಕಳಿಸಿದ ಖರ್ಜೂರದ ಪೊಟ್ಟಣವೂ ಹಾಗೆಯೇ, ಅಪ್ಪನಿಗೆ ಕೊಡುವ ಸೀಮೆಸುಣ್ಣವೂ ಹಾಗೆಯೇ.

“ಚಾಕಿನ ತುಂಡಿಗೂ ಎರಡು ಕೈ ಬೇಕಾ ಮಾರಾಯ?” ಎಂದು ಅಮ್ಮ ಒಮ್ಮೆ ತಮಾಷೆ ಮಾಡಿದಳು.

“ಒಂದು ಕೈಯಲ್ಲಿ ಕೊಟ್ಟರೆ ಉಮ್ಮ ಬೈತಾರೆ ಅಕ್ಕ,” ಎಂದು ಅವನು ನಾಚಿಕೊಂಡ.

ಅಪ್ಪ ಅವನನ್ನೂ ‘ಮಾಸ್ಟ್ರೇ’ ಎಂದೇ ಕರೆಯುತ್ತಿದ್ದರು. ನಾಳೆ ಮಾಸ್ಟ್ರು ಆಗುವವರನ್ನು ಇವತ್ತು ಏಕವಚನದಲ್ಲಿ ಕರೆಯಬಾರದು ಎನ್ನುವರು. ಬೆಳ್ತಂಗಡಿ ಕಡೆ ಹಮೀದಣ್ಣನಿಗೆ ಶಾಲೆ ಸಿಕ್ಕಿದ ಮೇಲೆ ಒಂದು ಸಣ್ಣ ನಳಿಗೆ ಮಾಡಿಕೊಡುವ ಮಾತೂ ಆಗಿತ್ತು.

ನನಗೆ ಹತ್ತು ವರ್ಷವಾಗಿದ್ದಾಗಿನ ಒಂದು ಶನಿವಾರ, ನಳಿಗೆ ಚೆನ್ನಾಗಿ ಉರಿಯುತ್ತಿದ್ದಾಗಲೇ ಕರೆಂಟು ಹೋಯಿತು. ಪಂಪು ನಿಂತಿತು, ಗುಲಾಬಿ ಕ್ಷೀಣಿಸಿ ಆರಿತು. ಸೆಕೆ ತಡೆಯದೆ ಉಳಿದವರೆಲ್ಲ ಅಂಗಳಕ್ಕೆ ಹೋದರು. ನಾನು ಪರದೆ ಸರಿಸಿದೆ. ಹೊರಗಿನ ಬೆಳಕು ಬಿದ್ದಾಗ ಚಾವಡಿಯಲ್ಲಿ ಇದ್ದವರು ಅಪ್ಪ, ಹಮೀದಣ್ಣ, ನಾನು. ಯಾರೂ ಸ್ವಿಚ್ ಆರಿಸಿರಲಿಲ್ಲ, ನಳಿಗೆ ತಾನಾಗಿಯೇ ಆರಿತ್ತಲ್ಲ. ಸ್ವಿಚ್ ಆರಿಸದ್ದರಿಂದ ಅದರ ಬೆನ್ನಿಗೇ ಬರಬೇಕಾದ ಸರಳಿನ ನೆನಪೂ ಬರಲಿಲ್ಲ. ನಳಿಗೆ ಆರುವುದು ಪೆಟ್ಟಿಗೆ ಖಾಲಿಯಾದಾಗ ಅಲ್ಲ, ಒಳಗಿನ ಕರೆಂಟು ಉರಿಸಲು ಸಾಲದಷ್ಟು ಇಳಿದಾಗ. ಸಾಲದ ಅಷ್ಟು ಒಳಗೇ ಉಳಿದಿರುತ್ತದೆ, ಒಂದು ಜೀವಕ್ಕೆ ಅದು ಧಾರಾಳ. ಇದನ್ನು ನೂರು ಸಲ ಹೇಳಿದವರು ನನ್ನ ಅಪ್ಪನೇ. ಅವರು ಮುಚ್ಚಳದ ಸಂದಿನಲ್ಲಿ ಗಾಳಿ ಸೋರುತ್ತಿದೆಯೋ ಎಂದು ನೋಡುವ ಅವಸರದಲ್ಲಿ ಕೈ ಚಾಚಿದರು.

“ಕೊಡಿ ಮಾಸ್ಟ್ರೇ, ಆ ನಳಿಗೆ ಇಲ್ಲಿ ಕೊಡಿ.”

ಹಮೀದಣ್ಣ ಬಲಗೈಯಲ್ಲಿ ಒಂದು ಮುಚ್ಚಳ ಹಿಡಿದ. ಅಷ್ಟೂ ಹೊತ್ತು ಬೆನ್ನ ಹಿಂದೆಯೇ ಇದ್ದ ಅವನ ಎಡಗೈ ಮುಂದೆ ಬಂದದ್ದನ್ನು ನಾನು ನೋಡಿದೆ. ಗುರುಗಳಿಗೆ ಕೊಡುವಾಗ ಹಿಡಿಯುವಂತೆ ಇನ್ನೊಂದು ಮುಚ್ಚಳ ಹಿಡಿದು, ಸ್ವಲ್ಪ ಬಗ್ಗಿದ. ಹಾಗೆ ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಗಾಜು ಒಡೆಯಿತು. ಯಾರೋ ಕಾರು ತಂದರು, ಡಾಕ್ಟರಲ್ಲಿಗೆ ಒಯ್ದರು, ಹೋಗುವ ಮೊದಲೇ ಎಲ್ಲ ಮುಗಿದಿತ್ತು ಎಂದು ಆಮೇಲೆ ಅಮ್ಮ ಹೇಳಿದಳು.

ಮರುದಿನ ತರಬೇತಿ ಶಾಲೆಯ ದೊಡ್ಡವರು ಒಂದು ಹೇಳಿಕೆ ಬರೆದುಕೊಂಡು ಬಂದರು. ತರಬೇತಿಯಲ್ಲಿದ್ದ ವಿದ್ಯಾರ್ಥಿಯು ಶಿಕ್ಷಕರ ಸೂಚನೆಯನ್ನು ಮೀರಿ ಎರಡೂ ಕೈಗಳಿಂದ ಉಪಕರಣವನ್ನು ಮುಟ್ಟಿದ್ದರಿಂದ ಎಂದು ಅದರಲ್ಲಿತ್ತು. ಸುಳ್ಳೆಂದು ತೋರಿಸಬಹುದಾದ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ‘ಕೊಡಿ’ ಎಂಬುದೊಂದು ಮಾತ್ರ ಇರಲಿಲ್ಲ, ಸರಳಿನ ವಿಷಯ ಇರಲಿಲ್ಲ. ಅಪ್ಪ ಬಹಳ ಹೊತ್ತು ಆ ಹಾಳೆ ನೋಡುತ್ತಾ ಕುಳಿತು ಸಹಿ ಹಾಕಿದರು. ನನ್ನನ್ನು ಒಳಗೆ ಕರೆದು, ನೀನು ಅಡಿಗೆಮನೆಯಲ್ಲಿದ್ದೆ, ಏನೂ ಕೇಳಲಿಲ್ಲ, ಗೊತ್ತಾಯ್ತಲ್ಲ ಎಂದಳು ಅಮ್ಮ. ಗೊತ್ತಾಯ್ತು ಎಂದೆ. ಹತ್ತು ವರ್ಷದವಳಿಗೆ ಎಲ್ಲ ಗೊತ್ತಾಗುತ್ತದೆ.

ಕೆಲವು ವಾರದ ಮೇಲೆ ಆಸಿಯಮ್ಮ ಬಂದರು. ಬಿಳಿ ತಟ್ಟದ ಮುಸುಕನ್ನು ತಲೆಯ ಮೇಲೆ ಎಳೆದುಕೊಂಡು, ಚಾವಡಿಗೆ ಕಾಲಿಡದೆ ಜಗಲಿಯ ತುದಿಯಲ್ಲೇ ಕುಳಿತರು. ಆ ಹೇಳಿಕೆಯನ್ನು ಯಾರೋ ಅವರಿಗೆ ಓದಿ ಹೇಳಿದ್ದರು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವು. ತುಳುವಿನಲ್ಲಿ, ಮೆಲ್ಲಗೆ, ಒಂದೇ ಪ್ರಶ್ನೆ ಕೇಳಿದರು.

“ನನ್ನ ಹುಡುಗ ನಿಮ್ಮ ಮಾತು ಮೀರಿದ್ದು ಹೌದಾ ಮಾಸ್ಟ್ರೇ?”

ಅಪ್ಪ ತಲೆ ಎತ್ತಲಿಲ್ಲ. ಅಮ್ಮ ತಂದಿಟ್ಟ ಬೆಲ್ಲ, ನೀರು ಹಾಗೆಯೇ ಇತ್ತು. ಕೊನೆಗೆ ಆಸಿಯಮ್ಮ ಎದ್ದು, ಬಸ್ಸಿನ ಹೊತ್ತಾಯಿತು ಎಂದು ಹೇಳಿ ಹೋದರು. ಆ ದಿನದಿಂದ ಅಪ್ಪನ ಮೇಲೆ ಹುಟ್ಟಿದ ಸಿಟ್ಟು ನನಗೆ ಅವರು ಸಾಯುವವರೆಗೂ ಇಳಿಯಲಿಲ್ಲ. ಬಾಯಿ ಬಿಡದೆ ಬಾಗಿಲಲ್ಲಿ ನಿಂತಿದ್ದ ನನ್ನ ಮೇಲೆ ಹುಟ್ಟಿದ್ದು ಈಗಲೂ ಉಂಟು.

ಪಂಪು ಗುಜರಿಗೆ ಹೋಯಿತು. ಗೋಣಿಯ ಪರದೆ ಇಳಿಯಿತು, ಆದರೂ ಚಾವಡಿಯಲ್ಲಿ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ಹಿಂದಿನ ಬಾಗಿಲಿನಿಂದಲೇ ಮನೆಯವರ ಓಡಾಟ. ಅಪ್ಪ ನಿವೃತ್ತರಾಗುವವರೆಗೂ ಬರೀ ಕರಿಹಲಗೆಯ ಮೇಲೆ ಪಾಠ ಮಾಡಿದರು. ಆ ವರ್ಷಗಳಲ್ಲಿ ಅವರ ಕೈಯಲ್ಲಿ ಕಲಿತವರು ವಸ್ತುವಿಗೆ ಮೂರೇ ಸ್ಥಿತಿ ಎಂದು ಬರೆದುಕೊಂಡು ಹೋದರು.

ಟ್ರಂಕಿನಲ್ಲಿ ಹಿತ್ತಾಳೆ ಸರಳಿಗೆ ಸುತ್ತಿಟ್ಟಿದ್ದ ಹಾಳೆ ಅಪ್ಪನ ಕೈಬರಹದ್ದು, ಆಸಿಯಮ್ಮನ ಹೆಸರಿಗೆ ಬರೆದದ್ದು, ಕಳಿಸದೆ ಉಳಿದದ್ದು. ಕೊಡಿ ಎಂದವನು ನಾನು, ಸರಳು ಮರೆತವನು ನಾನು, ನಿಮ್ಮ ಮಗ ಮಾತು ಮೀರಲಿಲ್ಲ, ನಾನು ಕೇಳಿದ್ದನ್ನು ಮರ್ಯಾದೆಯಿಂದ ಎರಡೂ ಕೈಯಲ್ಲಿ ಕೊಟ್ಟ. ಅಷ್ಟೇ. ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು, ಮೂಲವನ್ನು ಹಿಡಿದು ನಾನು ಮಡಂತ್ಯಾರಿನ ಬಸ್ಸು ಹತ್ತಿದೆ. ಹನ್ನೆರಡು ವರ್ಷ ಹೊತ್ತದ್ದನ್ನು ಇಳಿಸಿ ಬರುವ ಎಂದು ನನಗೇ ಒಂದು ಸಮಾಧಾನ ಇತ್ತು, ಸುಳ್ಳು ಯಾಕೆ ಹೇಳಲಿ.

ಆಸಿಯಮ್ಮನ ಕಣ್ಣು ಮಂಜಾಗಿತ್ತು. ಯಾರ ಮಗಳೆಂದು ಹೇಳಿದೆ. ಮುಸುಕಿನ ತುದಿ ಕಿವಿಯ ಹಿಂದೆ ಸಿಕ್ಕಿಸಿಕೊಂಡು, ನಾನು ಓದಿದ್ದನ್ನೆಲ್ಲ ಕೇಳಿದರು. ಮುಗಿದ ಮೇಲೆ ಒಂದು ಸಾಲನ್ನು ಮತ್ತೊಮ್ಮೆ ಓದಿಸಿದರು. ಎರಡೂ ಕೈಯಲ್ಲಿ ಕೊಟ್ಟದ್ದು ನೀನು ನೋಡಿದ್ದಾ ಎಂದು ಕೇಳಿದರು. ನೋಡಿದೆ ಎಂದೆ. ತೊಡೆಯ ಮೇಲಿದ್ದ ತಮ್ಮ ಕೈಗಳನ್ನು ಮಗುಚಿ ನೋಡಿಕೊಂಡರು.

“ಅದು ನಾನು ಕಲಿಸಿದ್ದು ಮಗಳೇ.”

ಮೂಲೆಯಲ್ಲಿ ಬೀಡಿ ಎಲೆಯ ಮೊರ ಇತ್ತು, ಹೊರಗೆ ಬಸ್ಸುಗಳು ಹೋಗುತ್ತಿದ್ದವು. ಸಮಾಧಾನ ಕೊಡುತ್ತೇನೆಂದು ಹೋದವಳು ಆ ಹೆಂಗಸಿಗೆ ಏನು ಕೊಟ್ಟು ಬಂದೆ ಎಂದು ತಿಳಿಯಲು ನನಗೆ ಬಸ್ಸಿನಲ್ಲಿ ಕುಳಿತ ಮೇಲೆ ಬೇಕಾದಷ್ಟು ಹೊತ್ತಿತ್ತು.

ಆ ಮನೆ ಈಗಿಲ್ಲ, ಅವರ್ಯಾರೂ ಇಲ್ಲ. ಝೆರಾಕ್ಸ್ ಪ್ರತಿಯ ಅಕ್ಷರಗಳೂ ಮಾಸಿವೆ. ನಾನೂ ಮಾಸ್ಟ್ರಾಗುವವರಿಗೆ ಕಲಿಸುವ ಕೆಲಸಕ್ಕೇ ಸೇರಿದೆ, ವಸ್ತುವಿಗೆ ನಾಲ್ಕು ಸ್ಥಿತಿ ಎಂದೇ ಹೇಳಿಕೊಟ್ಟೆ, ನಳಿಗೆ ಉರಿಸಿ ತೋರಿಸಿದೆ, ಕರೆಂಟು ಹೋದರೂ ಸರಳು ಮುಟ್ಟಿಸಿಯೇ ಮುಂದಿನ ಮಾತು. ಮಕ್ಕಳು ಪುಸ್ತಕವಾಗಲಿ ಪೆನ್ನಾಗಲಿ ಬಗ್ಗಿ ಕೊಡಲು ಬಂದರೆ, ಮೇಜಿನ ಮೇಲಿಡಿ, ನನ್ನ ಕೈಗೆ ಕೊಡಬೇಡಿ ಎನ್ನುತ್ತಿದ್ದೆ. ಈ ಮೇಡಂಗೆ ಮಡಿ ಮೈಲಿಗೆ ಜಾಸ್ತಿ ಎಂದು ಅವರು ಹಿಂದಿನಿಂದ ಆಡಿಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಆಡಿಕೊಳ್ಳಲಿ ಎಂದು, ಮೇಜಿನ ಮೇಲಿಟ್ಟದ್ದನ್ನು ಎತ್ತಿಕೊಳ್ಳುತ್ತಿದ್ದೆ.