ಅತ್ತೆಯವರ ಊಟದ ಹೊತ್ತು

ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮ ಮನೆ. ಈಗ ಅದು ವಸತಿಗೃಹವೂ ಹೌದು. ನನ್ನ ಗಂಡನ ಅಜ್ಜ ಹತ್ತಿ ವ್ಯಾಪಾರದಲ್ಲಿ ಕೈತುಂಬ ಗಳಿಸಿದಾಗ ಕಟ್ಟಿಸಿದ ವಾಡೆ, ಅದರ ಪಕ್ಕಕ್ಕೆ ಹತ್ತಿ ತುಂಬುತ್ತಿದ್ದ ಕಲ್ಲಿನ ಕೋಣೆಗಳು. ವ್ಯಾಪಾರ ನಿಂತ ಮೇಲೆ ಅವುಗಳಲ್ಲಿ ಇಲಿ, ಮುರುಕು ಮಂಚ, ಯಾರಿಗೂ ಬೇಡವಾದ ಹಂಡೆ ಸೇರಿಕೊಂಡಿದ್ದವು. ಕೆಡವಿ ಸ್ಲ್ಯಾಬ್ ಹಾಕಿಸಿ ಎಂದು ಊರೆಲ್ಲ ಹೇಳಿತು. ನನ್ನ ಗಂಡ ಹಟಮಾರಿ. ಮಣ್ಣಿನ ಮಾಳಿಗೆಯನ್ನು ಮಣ್ಣಿನಿಂದಲೇ ಸರಿಮಾಡಿಸಿದರು, ಸಾಗುವಾನಿ ಕಂಬಗಳ ಮೇಲಿದ್ದ ಬಣ್ಣ ಕೆರೆಸಿದರು. ದನಗಳಿಗೆ ಮೇವು ಹಾಕುತ್ತಿದ್ದ ಗ್ವಾದಲಿಯಲ್ಲಿ ಈಗ ಬಂದವರು ಚಪ್ಪಲಿ ಇಡುತ್ತಾರೆ. ಬಾಗಿಲುಗಳು ಮಾತ್ರ ಗಿಡ್ಡವಾಗಿಯೇ ಉಳಿದವು. ಎಷ್ಟು ಹೇಳಿದರೂ ಎಲ್ಲರೂ ಒಮ್ಮೆ ಹಣೆ ಬಡಿಸಿಕೊಂಡೇ ಒಳಗೆ ಬರುತ್ತಾರೆ.

ಮನೆ ರಿಪೇರಿಯಾಯಿತು, ಅತ್ತೆ ಆಗಲಿಲ್ಲ. ಮನೆಗೆ ಬಂದವರು ಉಂಡ ಮೇಲೆಯೇ ಹಿರಿಯ ಹೆಂಗಸು ಉಣ್ಣಬೇಕು ಎಂಬುದು ಅವರ ಮುಂಡರಗಿ ತವರಿನ ಪದ್ಧತಿ. ಬೀಗರು, ನೆಂಟರು ಅಪರೂಪಕ್ಕೆ ಬರುತ್ತಿದ್ದ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗ ದಿನವೂ ಯಾರಾದರೂ ಇರುತ್ತಾರೆ. ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋದವರು ಯಾವಾಗ ಬರುತ್ತಾರೆಂದು ಹಕ್ಕಿಗಳಿಗೂ ಗೊತ್ತಿರುವುದಿಲ್ಲ.

"ಅವರು ಬೀಗರಲ್ರೀ ಅತ್ತಿ, ರೊಕ್ಕ ಕೊಟ್ಟು ಇರಾಕ ಬಂದಾರ," ಎಂದೆ.

"ರೊಕ್ಕ ಕೊಟ್ರ ಹಸಿವಿ ಆಗೂದಿಲ್ಲೇನು?" ಎಂದರು.

ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿದವರು ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಒಂದು ದಿನ, ಊಟಕ್ಕೆ ಬರುತ್ತೇವೆ ಎಂದು ಹೇಳಿ ಹೋದವರು ಲಕ್ಷ್ಮೇಶ್ವರದ ಖಾನಾವಳಿಯಲ್ಲೇ ಉಂಡು ಹೊತ್ತು ಮುಳುಗುವಾಗ ತಿರುಗಿ ಬಂದರು. ಅಷ್ಟರಲ್ಲಿ ಅತ್ತೆ ಒಲೆಯ ಮುಂದೆ ಕುಸಿದು ಬಿದ್ದು, ನಾವು ಅವರನ್ನು ಶಿರಹಟ್ಟಿಯ ಆಸ್ಪತ್ರೆಗೆ ಸೇರಿಸಿದ್ದೆವು. ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು.

"ನಾಳಿಂದ ಮಂದಿಗೆ ಊಟ ಹಾಕೂದು ಬಂದ್," ಎಂದರು ನನ್ನ ಗಂಡ. "ಇಲ್ಲಂದ್ರ ಎಲ್ಲಾ ಮುಚ್ಚಿಬಿಡೂನು."

"ಉಣ್ಣಾಕ ಹಾಕದ ಮನಿಗೆ ಜನ ಯಾಕ ಬರ್ತಾರ್ಲೇ?" ಎಂದರು ಅತ್ತೆ. ಕೈಗೆ ಸಲೈನ್ ಹಚ್ಚಿತ್ತು, ಬಾಯಿ ಗಟ್ಟಿಯಾಗಿಯೇ ಇತ್ತು. ನನಗೆ ಸಿಟ್ಟು ಬಂತು. ಹೆದರಿಕೆಗೆ ಬಂದ ಸಿಟ್ಟು ಅದು.

ಮನೆಗೆ ಬಂದ ಮೇಲೆ ಸುಳ್ಳು ಹೇಳಲು ಶುರುಮಾಡಿದೆ. ಫೋನ್ ಬಂದಿತ್ತು, ಹೊರಗೇ ಉಂಡರಂತೆ ಎನ್ನುತ್ತಿದ್ದೆ. ಕೆಲ ದಿನ ನಡೆಯಿತು. ಆಮೇಲೊಮ್ಮೆ, ಹಾಗೆ ಉಂಡರೆಂದು ನಾನು ಹೇಳಿದ್ದವರೇ ಅಡುಗೆಮನೆಗೆ ಬಂದು ರೊಟ್ಟಿ ಇದೆಯಾ ಎಂದು ಕೇಳಿದರು. ಅತ್ತೆ ಅರ್ಧ ಉಂಡಿದ್ದ ತಾಟು ಸರಿಸಿ ಎದ್ದು ಅವರಿಗೆ ಬಡಿಸಿದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು.

ಕೊನೆಗೆ ನನ್ನ ಗಂಡ ಬಾಗಿಲ ಬಳಿ ಒಂದು ಹಲಗೆ ಬರೆಸಿ ಹಾಕಿದರು: 'ಮಧ್ಯಾಹ್ನದ ಊಟ ಒಂದು ಗಂಟೆಗೆ. ತಡವಾದರೆ ಫೋನ್ ಮಾಡಿ. ಮನೆಯಲ್ಲಿ ಒಬ್ಬರು ಹಸಿದಿರುತ್ತಾರೆ.'

ಹಣೆ ಬಡಿಸಿಕೊಂಡವರೆಲ್ಲ ಅಲ್ಲೇ ನಿಂತು ಹಣೆ ಉಜ್ಜಿಕೊಳ್ಳುತ್ತ ಅದನ್ನು ಓದಿದರು. ಫೋನ್‌ಗಳು ಬರತೊಡಗಿದವು. ನನ್ನ ಮಾತಿನ ಮೇಲೆ ನಂಬಿಕೆ ಹೋಗಿದ್ದರಿಂದ ಅತ್ತೆ ಫೋನನ್ನು ತಾವೇ ಇಸಿದುಕೊಳ್ಳುತ್ತಿದ್ದರು. "ಏನ ಉಂಡ್ರಿ?" ಎಂಬುದು ಅವರ ಪರೀಕ್ಷೆ. ಪಲ್ಯ ಯಾವುದೆಂದು ಹೇಳಲು ತಡವರಿಸಿದವರನ್ನು ನಂಬುತ್ತಿರಲಿಲ್ಲ. ಸರಿಯಾಗಿ ಹೇಳಿದರೆ ಮಾತ್ರ ತಾಟು ಹಾಕಿಕೊಳ್ಳುತ್ತಿದ್ದರು. ಹಾಗೆ ಮನೆಯೂ ಉಳಿಯಿತು, ಅತ್ತೆಯೂ ಉಳಿದರು.

ಹೋದ ವರ್ಷ ಅವರು ತೀರಿಕೊಂಡರು, ವಯಸ್ಸಾಗಿ, ನಿದ್ದೆಯಲ್ಲಿ. ಹಲಗೆ ತೆಗೆಸಬೇಕು ಎಂದುಕೊಳ್ಳುತ್ತಲೇ ದಿನಗಳು ಹೋದವು.

ಮೊನ್ನೆ ಸಿಂಗಟಾಲೂರಿಗೆ ಹೊಳೆ ನೋಡಲು ಹೋದ ಮೈಸೂರು ಕಡೆಯ ಹೆಂಗಸೊಬ್ಬರು ಫೋನ್ ಮಾಡಿದರು. "ತಡ ಆಗೋಯ್ತು, ನಾವು ಮುಂಡರಗಿಯಲ್ಲೇ ಊಟ ಮಾಡ್ಬಿಟ್ವಿ. ಹಸ್ಕೊಂಡಿರೋರು ಪಾಪ ಊಟ ಮಾಡ್ಲಿ."

ಈಗ ಅಂಥವರು ಯಾರೂ ಇಲ್ಲ ಎಂದು ಹೇಳಬೇಕೆಂದಿದ್ದೆ. ಗಡಿಯಾರ ಮೂರು ದಾಟಿತ್ತು. ಗಂಡ ಉಂಡು ಮಲಗಿದ್ದರು. ಬುಟ್ಟಿಯಲ್ಲಿ ನನ್ನ ಪಾಲಿನ ರೊಟ್ಟಿ ಹಾಗೇ ಇತ್ತು.

"ಏನ ಉಂಡ್ರಿ?" ಎಂದು ಕೇಳಿದೆ.