ಅಕ್ಕ ನಿದ್ದೆ ಹೋದ ಪುಟಗಳು

ಕನ್ನಡಕದಂಗಡಿಯ ಹಿಂದುಗಡೆ, ಪರದೆ ಸರಿಸಿದರೆ, ಒಬ್ಬ ಮನುಷ್ಯ ಕೂತು ಕೈಕಾಲು ಆಡಿಸುವಷ್ಟೇ ಜಾಗ. ಅಲ್ಲಿ ನೀರು ಜಿನುಗುವ ಸಾಣೆಚಕ್ರಕ್ಕೆ ಗಾಜು ಒತ್ತಿ ಹಿಡಿದು ಫ್ರೇಮಿನ ಅಳತೆಗೆ ಅಂಚು ತೇಯುವುದು ಅವನ ಕೆಲಸ. ಮೊಣಕೈವರೆಗೂ ಬಿಳಿ ರಾಡಿ. ತಲೆಯಲ್ಲಿ ನರೆ ಇಣುಕುವ ವಯಸ್ಸು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಅವನು ‘ಕಾದಂಬರಿ’.

“ಏನಪ್ಪಾ ಕಾದಂಬರಿ, ಮುಗೀತಾ?” ಎಂದು ಅಂಗಡಿಯ ಮಾಲೀಕ ಬೆಳಗ್ಗೆ ಶಟರ್ ಎತ್ತುತ್ತಲೇ ಕೇಳುತ್ತಿದ್ದ. ಕೇಳದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

“ಇನ್ನೂ ತಿದ್ತಾ ಇದೀನಿ ಸಾರ್.”

“ತಿದ್ದು ತಿದ್ದು. ಪೇಪರ್ ತೂತು ಬೀಳೋವರೆಗೂ ತಿದ್ದು.”

ಮಾಲೀಕನದು ಕುಹಕವೇ ಇರಬಹುದು, ಸುಳ್ಳಂತೂ ಅಲ್ಲ. ಆ ಕಾದಂಬರಿ ಶುರುವಾದಾಗ ತೊದಲು ಮಾತಾಡುತ್ತಿದ್ದ ಎದುರುಮನೆಯ ಹುಡುಗಿ ಈಗ ಸೈಕಲ್ ಹತ್ತಿ ಹೈಸ್ಕೂಲಿಗೆ ಹೋಗುತ್ತಿದ್ದಳು. ಕಾದಂಬರಿ ಇನ್ನೂ ಅಂಬೆಗಾಲಿಡುತ್ತಿತ್ತು.

ಬರೆಯುವವನಿಗೆ ಹುಮ್ಮಸ್ಸು ಬತ್ತಬಾರದು, ಅದಕ್ಕೆ ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುವವರಿಗೆ ಬರವೇ? ಬೆಳಗ್ಗೆ ಬೇಗ ಏಳಿ ಅಂದರು. ಎದ್ದ. ಎದ್ದ ದಿನವೇ ಅಂಗಡಿಯಲ್ಲಿ ತೂಕಡಿಸಿ ಒಬ್ಬ ಮೇಷ್ಟರ ಕನ್ನಡಕಕ್ಕೆ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿಬಿಟ್ಟ. ಪಾಪ, ಮೇಷ್ಟರು ಎರಡು ದಿನ ಗೋಡೆ ಹಿಡಿದುಕೊಂಡು ಓಡಾಡಿದರಂತೆ. ಅಲ್ಲಿಗೆ ಬೆಳಗಿನ ಹುಮ್ಮಸ್ಸು ಮುಗಿಯಿತು. ಅವನನ್ನು ಇಷ್ಟು ವರ್ಷ ಎಳೆದುಕೊಂಡು ಬಂದದ್ದು ಬೇರೇನೂ ಅಲ್ಲ, ಅಕ್ಕನ ಬಾಯಿಂದ ಬರುತ್ತಿದ್ದ ಒಂದು ಪದ. “ಆಮೇಲೆ?”

ಅಕ್ಕ ಅಂದರೆ ಅವನನ್ನು ಸಾಕಿದವಳು. ಅಮ್ಮ ತೀರಿಹೋದದ್ದು ಅವನಿಗೆ ನೆನಪಿಲ್ಲ. ಅಪ್ಪನ ನೆನಪಿದೆ, ಅದೂ ಬರೀ ಬೆನ್ನು. ಗೋಡೆ ಗಡಿಯಾರ ಕೆಟ್ಟಿದೆ, ರಿಪೇರಿ ಮಾಡಿಸಿಕೊಂಡು ಬರ್ತೀನಿ ಎಂದು ಅದನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದ ಬೆನ್ನು. ಅಪ್ಪನೂ ಬರಲಿಲ್ಲ, ಗಡಿಯಾರವೂ ಬರಲಿಲ್ಲ. ಮೊಳೆ ಗೋಡೆಯಲ್ಲೇ ಉಳಿಯಿತು. ಅಕ್ಕ ಓದು ಬಿಟ್ಟು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ತಮ್ಮನನ್ನು ಓದಿಸಿದಳು, ಮದುವೆ ಮಾಡಿದಳು, ತಾನು ಮಾತ್ರ ಮದುವೆಯ ಮಾತೆತ್ತಿದವರ ಬಾಯಿ ಮುಚ್ಚಿಸಿದಳು. ಈಗ ಕೆಲಸದಿಂದ ನಿವೃತ್ತಳಾಗಿ, ಮೂರನೆಯ ಮಹಡಿಯ ಅದೇ ಹಳೆಯ ಮನೆಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಅವನೂ ಹೆಂಡತಿಯೂ ಎರಡು ಬೀದಿ ಆಚೆಗಿದ್ದರು.

ಭಾನುವಾರ ಊಟವಾದ ಮೇಲೆ ಅವನು ಅಕ್ಕನ ಮನೆಗೆ ಹೋಗಿ, ಆ ವಾರ ಬರೆದದ್ದನ್ನು ಓದುತ್ತಿದ್ದ. ಕಾದಂಬರಿಯಲ್ಲೂ ಒಬ್ಬ ಅಪ್ಪ, ಒಬ್ಬಳು ಮಗಳು, ಒಬ್ಬ ಚಿಕ್ಕ ಹುಡುಗ. “ನಮ್ಮ ಕಥೆ ಅಂದ್ಕೋಬೇಡ ಅಕ್ಕಾ, ಎಲ್ಲಾ ಕಟ್ಟಿದ್ದು,” ಎಂದು ಅವನು ಮೊದಲ ದಿನವೇ ಹೇಳಿದ್ದ. “ಕಟ್ಟು, ಕಟ್ಟು. ನಾನೇನು ಬೇಡ ಅಂದ್ನಾ?” ಎಂದಿದ್ದಳು ಅಕ್ಕ.

ಅವನು ತಿದ್ದುವ ರೀತಿ ಲೋಕದಲ್ಲಿ ಇನ್ನೊಬ್ಬ ಬರಹಗಾರನಿಗೆ ಇರಲಿಕ್ಕಿಲ್ಲ. ಅಕ್ಕ “ಆಮೇಲೆ?” ಅಂದರೆ ಆ ಪುಟ ಉಳಿಯಿತು. ಅಕ್ಕನ ತಲೆ ಕುರ್ಚಿಯ ಬೆನ್ನಿಗೆ ಒರಗಿ ಕಣ್ಣು ಮುಚ್ಚಿತೋ, ಆ ಪುಟದ ಕಥೆ ಮುಗಿಯಿತು. ಓದು ಬರಹ ಗೊತ್ತಿರುವವರು ದಾಕ್ಷಿಣ್ಯಕ್ಕಾದರೂ ಹೊಗಳುತ್ತಾರೆ, ನಿದ್ದೆಗೆ ಯಾರ ದಾಕ್ಷಿಣ್ಯ ಎಂಬುದು ಅವನ ವಾದ. ಅಕ್ಕ ನಿದ್ದೆ ಹೋದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆದು, ಮನೆಗೆ ಬಂದು ಮುಲಾಜಿಲ್ಲದೆ ಹೊಡೆದುಹಾಕುತ್ತಿದ್ದ.

ಹೀಗೆ ಎಲ್ಲ ಸುಸೂತ್ರವಾಗಿ ಸಾಗಿ ಒಂದು ಕಡೆ ಬಂದು ಕಚ್ಚಿಕೊಂಡಿತು. ಕಾದಂಬರಿಯ ಅಪ್ಪ ಎಷ್ಟೋ ಕಾಲದ ನಂತರ ಮನೆಗೆ ವಾಪಸು ಬರುತ್ತಾನೆ. ಕಂಕುಳಲ್ಲಿ ಅದೇ ಗಡಿಯಾರ. ಬಾಗಿಲು ತಟ್ಟುತ್ತಾನೆ. ಒಳಗಿರುವ ಮಗಳು ತೆಗೆಯುವುದಿಲ್ಲ. ಅವನ ಮಟ್ಟಿಗೆ ಇಡೀ ಪುಸ್ತಕ ನಿಂತದ್ದೇ ಇದರ ಮೇಲೆ. ಪುಟದ ಕೊನೆಯವರೆಗೂ ಓದಿದ. ತಲೆಯೆತ್ತಿ ನೋಡಿದರೆ ಅಕ್ಕ ಕಣ್ಣು ಮುಚ್ಚಿ ಒರಗಿದ್ದಾಳೆ.

ಸರಿ, ಹೊಡೆದುಹಾಕಿದ. ಬೇರೆ ಥರ ಬರೆದ. ಅಪ್ಪ ಬಾಗಿಲಿಗೆ ಬರುವುದು ಬೇಡ, ಮಾರ್ಕೆಟ್ಟಿನಲ್ಲಿ ಎದುರಾಗಲಿ. ಅಕ್ಕನಿಗೆ ನಿದ್ದೆ. ಎದುರಾಗುವುದೂ ಬೇಡ, ಯಾರೋ ನೋಡಿದೆ ಅನ್ನಲಿ. ಅದಕ್ಕೂ ನಿದ್ದೆ. ಕೊನೆಗೆ ಹಲ್ಲು ಕಚ್ಚಿ ಅಪ್ಪನ ವಾಪಸಾತಿಯನ್ನೇ ಕಿತ್ತುಹಾಕಿದ. ಹೋದ ಅಪ್ಪ ಹೋದ. ಅಕ್ಕ ಕೊನೆಯ ಪುಟದವರೆಗೂ ಎಚ್ಚರವಾಗಿದ್ದಳು, ಅಲ್ಲಲ್ಲಿ ನಕ್ಕಳು ಕೂಡ.

ಬೀಗುತ್ತ ಅದನ್ನು ಕಟ್ಟಿಕೊಂಡು ಹೋಗಿ ಪ್ರಕಾಶಕನ ಕೈಗಿಟ್ಟ. ಆ ಮನುಷ್ಯ ಅಂಗಡಿಗೆ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಬರುವ ಗಿರಾಕಿ, ಮುಲಾಜಿನವನಲ್ಲ. ಓದಿ, ಕಡ್ಡಿ ಮುರಿದಂತೆ ಹೇಳಿದ. “ಭಾಷೆ ಚೆನ್ನಾಗಿದೆ. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಪ್ಪ ಹೋದ. ಇವರು ಊಟ ಮಾಡಿದ್ರು, ಮಲಗಿದ್ರು, ಎದ್ರು. ಇದನ್ನ ಜನ ಯಾಕ್ ಓದ್ಬೇಕು?”

ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹಾಳೆಗಳನ್ನು ತಂದು ಅಂಗಡಿಯಲ್ಲಿ ಮುರಿದ ಫ್ರೇಮುಗಳ ಡಬ್ಬಿಯ ಕೆಳಗೆ ತುರುಕಿದ. ಬರೆಯುವುದಕ್ಕೆ ಎಳ್ಳುನೀರು ಬಿಟ್ಟ ಎಂದೇ ಇಟ್ಟುಕೊಳ್ಳಿ. ಮಾಲೀಕ “ಮುಗೀತಾ?” ಎಂದರೆ “ಮುಗೀತು ಸಾರ್” ಅನ್ನತೊಡಗಿದ. ಹಾಗೆ ಅಂದದ್ದು ಕೇಳಿ ಮಾಲೀಕನಿಗೇ ಏನೋ ಕಳೆದುಕೊಂಡಂತಾಗಿ, ಕೇಳುವುದನ್ನು ಬಿಟ್ಟುಬಿಟ್ಟ.

ಹೆಂಡತಿ ಬರವಣಿಗೆಯ ಸುದ್ದಿಗೆ ಹೋಗುವವಳಲ್ಲ. ಆದರೆ ಒಂದು ಸಂಜೆ ಅಕ್ಕ ಕೊಟ್ಟ ಹೊಸ ಸ್ವೆಟರನ್ನು ಮಡಚುತ್ತ ಅವಳು ತಟ್ಟನೆ ಕೇಳಿದಳು. “ಅಲ್ಲಾರೀ, ನಿಮ್ಮಕ್ಕ ನಿದ್ದೇಲೂ ಹೆಣೀತಾರಾ?”

“ಏನು ಹಂಗಂದ್ರೆ?”

“ಆವತ್ತು ನಾನೂ ಬಂದಿದ್ನಲ್ಲ, ನೀವು ಬಾಗಿಲು ತಟ್ಟೋ ಕಥೆ ಓದಿದ ದಿನ. ಅವರು ಕಣ್ಮುಚ್ಚಿದಾಗ ಸ್ವೆಟರಿನ ತೋಳು ಇಷ್ಟೇ ಇತ್ತು. ನೀವು ಓದಿ ಮುಗಿಸೋ ಹೊತ್ತಿಗೆ ಇಷ್ಟುದ್ದ ಆಗಿತ್ತು. ನೀವು ನೋಡ್ಲಿಲ್ವಾ?”

ನೋಡಿರಲಿಲ್ಲ. ದಿನವಿಡೀ ಊರಿನವರ ಕಣ್ಣಿಗೆ ಗಾಜು ತೇಯುವ ಮಹಾಶಯ ಅಕ್ಕನ ಮುಚ್ಚಿದ ರೆಪ್ಪೆ ನೋಡಿದ್ದನೇ ಹೊರತು ಬೆರಳು ನೋಡಿರಲಿಲ್ಲ.

ಮುಂದಿನ ಭಾನುವಾರ ಅವನು ಹೊಡೆದುಹಾಕಿದ್ದ ಹಳೆಯ ಹಾಳೆಗಳನ್ನು ಹುಡುಕಿ ತೆಗೆದುಕೊಂಡು ಹೋದ. ಮೊಳೆಯ ಕೆಳಗಿನ ಸ್ಟೂಲಿನಲ್ಲಿ, ಬಾಗಿಲಿಗೆ ಎದುರಾಗಿ ಕೂತು ಓದಿದ. ಅಪ್ಪ ಮೆಟ್ಟಿಲು ಹತ್ತುತ್ತಿದ್ದಂತೆ ಅಕ್ಕನ ಕಣ್ಣು ಮುಚ್ಚಿದವು. ಅವನು ನಿಲ್ಲಿಸಲಿಲ್ಲ. “ಕಂಕುಳಲ್ಲಿ ಗಡಿಯಾರ, ಹೋಗುವಾಗ ಹೇಗಿತ್ತೋ ಹಾಗೇ. ಅದು ಅವನ ಪಕ್ಕೆಗೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು,” ಎಂದು ಓದಿದ. ಇಡೀ ಕಾದಂಬರಿಯಲ್ಲಿ ಅವನಿಗೆ ಪ್ರಾಣದಂತಿದ್ದ ವಾಕ್ಯ ಅದು.

“ಗಡಿಯಾರ ಇರ್ಲಿಲ್ಲ,” ಎಂದಳು ಅಕ್ಕ.

ಕಣ್ಣು ತೆರೆದಿರಲಿಲ್ಲ. ಸೂಜಿಗಳು ಆಡುತ್ತಲೇ ಇದ್ದವು.

“ಏನಕ್ಕಾ?”

“ಕೈ ಖಾಲಿ ಇತ್ತು. ಬಾಗಿಲ ಸಂದೀಲಿ ನೋಡ್ದೆ. ಒಂದೇ ಸಲ ತಟ್ಟಿದ. ನಿನ್ನ ಹೆಸರು ಕರ್ದ, ನನ್ನ ಹೆಸರು ಕರ್ದ. ಸ್ವಲ್ಪ ಹೊತ್ತು ನಿಂತಿದ್ದು ಇಳಿದು ಹೋದ.”

“ನಾನೆಲ್ಲಿದ್ದೆ?”

“ಸ್ಕೂಲಲ್ಲಿ. ಮಧ್ಯಾಹ್ನ ಅದು.” ಅಕ್ಕ ಕಣ್ಣು ಬಿಟ್ಟು ಗೋಡೆಯ ಮೊಳೆ ನೋಡಿದಳು. “ಗಡಿಯಾರ ಇದ್ದಿದ್ರೆ ತೆಗೀತಿದ್ನೇನೋ ಕಣೋ. ಕೆಟ್ಟಿದ್ರೂ ಪರವಾಗಿರ್ಲಿಲ್ಲ.”

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅವನೊಳಗೆ ಮೊದಲು ಎದ್ದದ್ದು ಸಿಟ್ಟಲ್ಲ, ದುಃಖವೂ ಅಲ್ಲ. ಖುಷಿ. ತನ್ನ ತಲೆಯಿಂದ ಕಟ್ಟಿದ್ದು ನಿಜವಾಗಿತ್ತು, ಪುಸ್ತಕಕ್ಕೆ ಜೀವ ಇತ್ತು ಎಂಬ ಖುಷಿ. ಅದರ ಹಿಂದೆಯೇ ತನ್ನ ಮೇಲೆ ಹೇಸಿಗೆ ಬಂತು. ಸಿಟ್ಟು ಬಂದದ್ದು ಆಮೇಲೆ, ಬಂದಾಗ ಚೆನ್ನಾಗಿಯೇ ಬಂತು.

“ನನಗೂ ಅಪ್ಪ ಅಲ್ವಾ ಅವನು? ಒಂದು ಮಾತು ಹೇಳ್ಬಾರ್ದಿತ್ತಾ?” ಎಂದು ಹಾಳೆಗಳನ್ನು ಗುಡಿಸಿಕೊಂಡು ಎದ್ದ. ಅಕ್ಕ ತಡೆಯಲಿಲ್ಲ.

ಮುಂದಿನ ಭಾನುವಾರ ಅವನು ಅತ್ತ ತಲೆ ಹಾಕಲಿಲ್ಲ. ಅದರ ಮುಂದಿನದೂ ಹಾಗೇ ಕಳೆಯಿತು. ಹೆಂಡತಿ ಮಾತ್ರ ಹೋಗಿ ಬರುತ್ತಿದ್ದಳು. “ಹೆಂಗಿದಾಳೆ?” ಎಂದು ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದ. ಚಕ್ರದ ಮುಂದೆ ಕೂತರೂ ತಲೆಯೊಳಗೆ ಅದೇ ಬಾಗಿಲು. ಇಷ್ಟು ವರ್ಷ ತಾನು ಆ ದೃಶ್ಯವನ್ನು ಬಾಗಿಲ ಹೊರಗೆ ನಿಂತೇ ಬರೆದದ್ದು ಎಂದು ಅವನಿಗೆ ಅಲ್ಲಿ ಹೊಳೆಯಿತು. ಅಪ್ಪನ ಏದುಸಿರು, ಅಪ್ಪನ ಬೆವರು, ಅಪ್ಪನ ಚಪ್ಪಲಿ ಎಲ್ಲ ಬರೆದಿದ್ದ. ಒಳಗಿನ ಹುಡುಗಿಗೆ ಒಂದು ಜೊತೆ ಕೈಯನ್ನೂ ಕೊಟ್ಟಿರಲಿಲ್ಲ. ಹೊರಗೆ ನಿಂತವನ ಮೇಲಿನ ಆಸೆ ಇನ್ನೂ ಹೋಗಿರಲಿಲ್ಲ ಅವನಿಗೆ, ಆ ವಯಸ್ಸಿನಲ್ಲೂ. ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಫ್ರೇಮಿನ ಡಬ್ಬಿಯ ಕೆಳಗಿನಿಂದ ಹಾಳೆ ಹೊರಗೆ ಬಂತು. ಹೊಡೆದುಹಾಕಿದ್ದ ಬಾಗಿಲಿನ ಪುಟಗಳು ಮತ್ತೆ ಅದರೊಳಗೆ ಸೇರಿದವು. ಮೊದಲು ಗಡಿಯಾರ ತೆಗೆಯಬೇಕು. ಪೆನ್ಸಿಲು ಎರಡು ಸಲ ವಾಕ್ಯದ ಹತ್ತಿರ ಹೋಗಿ ಹಿಂದೆ ಬಂತು. ಮೂರನೆಯ ಸಲ ಗೀಟು ಬಿತ್ತು. ಬಡಪಾಯಿ ಅಪ್ಪ ಬರಿಗೈಯಲ್ಲಿ ನಿಂತ. ಆಮೇಲೆ ಅಪ್ಪನನ್ನು ಹೊರಗೇ ಬಿಟ್ಟು, ಮಗ ಬಾಗಿಲು ದಾಟಿ ಒಳಗೆ ಹೋಗಿ ಬರೆಯತೊಡಗಿದ. ಬಕೆಟ್ಟಿನಲ್ಲಿ ನೆನೆಹಾಕಿದ ತಮ್ಮನ ಯೂನಿಫಾರ್ಮು, ಸೋಪಿನ ಕೈ, ಚಿಲಕದವರೆಗೂ ಹೋಗಿ ಹಿಂದೆ ಬರುವ ಬೆರಳು. ಬೆಳಗ್ಗೆ ಬೇಗ ಏಳುವ ಗೋಜಿಗೆ ಹೋಗಲಿಲ್ಲ. ಗಿರಾಕಿ ಇಲ್ಲದ ಹೊತ್ತು, ಬಸ್ಸಿನಲ್ಲಿ, ಸಿಕ್ಕಸಿಕ್ಕಲ್ಲಿ ಬರೆದ.

“ಏನಪ್ಪಾ, ಮುಗೀತು ಅಂದಿದ್ದೆ?” ಎಂದ ಮಾಲೀಕ.

“ಇಲ್ಲ ಸಾರ್. ತಿದ್ತಾ ಇದೀನಿ.”

“ಹಂಗೆ ಬಾ ದಾರಿಗೆ!” ಮಾಲೀಕನಿಗೆ ಅಂದು ತಿಂದದ್ದು ಅರಗಿತು.

ಭಾನುವಾರ ಅವನು ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತ. ಒಂದು ಸಲ ತಟ್ಟಿದ. ಚಿಲಕ ತಕ್ಷಣ ಸರಿಯಿತು. ಅಕ್ಕ ಅವನ ಮುಖಕ್ಕಿಂತ ಮೊದಲು ಕೈ ನೋಡಿದಳು. ಕೈಯಲ್ಲಿ ಹಾಳೆಗಳಿದ್ದವು.

“ಬಾ, ಕೂತ್ಕೋ,” ಎಂದಳು.

ಅವನು ಓದಿದ. ಅಕ್ಕ ಹೆಣಿಗೆಯನ್ನು ಮಡಿಲಲ್ಲಿಟ್ಟು, ಕಣ್ಣು ಬಿಟ್ಟುಕೊಂಡೇ ಕೇಳಿದಳು. ಅಪ್ಪ ಮೆಟ್ಟಿಲಿಳಿದು ಹೋದ. ಹುಡುಗಿ ಸೋಪಿನ ಕೈ ತೊಳೆದುಕೊಂಡಳು. ಅಲ್ಲಿಗೆ ಅವನ ಹಾಳೆ ಮುಗಿದಿತ್ತು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಆಮೇಲೆ?” ಎಂದಳು.

“ಆಮೇಲೆ ಏನಾಗುತ್ತೋ ನಂಗೂ ಗೊತ್ತಿಲ್ಲಕ್ಕಾ. ಅಲ್ಲೇ ನಿಂತಿದೆ.”

“ನಿಲ್ಲೋದೇನು ಬಂತು?” ಅಕ್ಕ ಸೂಜಿಗಳನ್ನು ಕೈಗೆತ್ತಿಕೊಂಡಳು. “ಹುಡುಗ ಸ್ಕೂಲಿಂದ ಬರ್ತಾನೆ. ಬಂದವನೇ ಬ್ಯಾಗ್ ಎಸೆದು ಹಸಿವು ಅಂತಾನೆ. ಬರಿ.”