ಸೋಗೆಯ ಅಡಿಯ ಬಾಲ

ಮೊನ್ನೆ ಮೆಟ್ಟುಪಾಳ್ಯಂ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ನವಿಲುಗರಿ ಮಾರುತ್ತಿದ್ದಳು. ಎಲ್ಲರೂ ಗರಿಯ ಕಣ್ಣು ನೋಡುತ್ತಾರೆ. ನಾನು ತಿರುಗಿಸಿ ಬುಡ ನೋಡಿದೆ.

"ಮೂಲಂಗಿ ಕೊಳ್ಳೋರ ಹಾಗೆ ನೋಡ್ತೀಯಲ್ಲಮ್ಮಾ!" ಎಂದು ಆಕೆ ತಮಿಳಿನಲ್ಲಿ ಛೇಡಿಸಿದಳು.

ತಾನಾಗಿ ಉದುರಿದ ಗರಿಯ ಬುಡ ಒಣಗಿ ಬೆಳ್ಳಗಿರುತ್ತದೆ. ಇದು ನಾನು ಪುಸ್ತಕದಿಂದ ಕಲಿತದ್ದಲ್ಲ.

ಆರೇಳು ವರ್ಷದ ಹಿಂದೆ ಕೊಯಮತ್ತೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ಪುಸ್ತಕದಲ್ಲಿದ್ದದ್ದೆಲ್ಲ ಬಾಯಿಪಾಠ. ಗಂಡು ನವಿಲು ಬಿಚ್ಚುವ ಸೋಗೆ ಅದರ ಬಾಲವಲ್ಲ, ಬೆನ್ನಿನ ಗರಿ. ನಿಜವಾದ ಬಾಲ ಅದರಡಿಯಲ್ಲಿ ಊರುಗೋಲಿನಂತೆ ನಿಲ್ಲುವ ಕಂದು ಪುಕ್ಕ. ಸೋಗೆ ಉದುರುವುದು ಮಳೆಗಾಲದ ಕೊನೆಗೆ. ಇಷ್ಟೆಲ್ಲ ತಿಳಿದ ಪಂಡಿತೆ ಏಪ್ರಿಲ್‌ನಲ್ಲಿ ಮೆಟ್ಟುಪಾಳ್ಯಂ ಪಕ್ಕದ ಸಿರುಮುಗೈಯ ಚಿಕ್ಕಪ್ಪನಿಗೆ ಕಾಗದ ಬರೆದೆ: ಕಾಲೇಜಿನ ರೆಕಾರ್ಡಿಗೆ ಉದ್ದನೆಯ ಗರಿಗಳು ಬೇಕು, ತಿಂಗಳೊಳಗೆ.

ರಜೆಗೆ ಹೋದಾಗ ಚಿಕ್ಕಪ್ಪ ಹಳೇ ಪಂಚೆಯಲ್ಲಿ ಸುತ್ತಿಟ್ಟ ಕಟ್ಟನ್ನು ಬಿಚ್ಚಿದರು. ಗರಿಗಳ ಬುಡದಲ್ಲೆಲ್ಲ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು.

"ಚಿಕ್ಕಪ್ಪಾ, ಇವು ಉದುರಿದ್ದಲ್ಲ."

"ಉದುರೋವರೆಗೂ ನಿನ್ನ ಪರೀಕ್ಷೆ ಕಾಯುತ್ತಾ ಕಣ್ಣಮ್ಮಾ? ಬಲೆ ಹಾಕಿ ಹಿಡಿದೆ. ಕಿತ್ಕೊಂಡು ಬಿಟ್ಟುಬಿಟ್ಟೆ. ಸಾಯಿಸ್ಲಿಲ್ಲ."

"ಮುರುಗನ ವಾಹನ ಅಂದೆ, ಕೇಳಿದರೆ ತಾನೆ!" ಚಿಕ್ಕಮ್ಮ ಅಡುಗೆಮನೆಯಿಂದಲೇ ಕೂಗಿದರು. "ಮಗು ಕೇಳಿದ್ದಾಳಂತೆ. ಪಳನಿಗೆ ಕರ್ಕೊಂಡು ಹೋಗಿ ಇವರ ತಲೇನೂ ಹಾಗೇ ಬೋಳಿಸಬೇಕು."

ಚಿಕ್ಕಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. "ಸಾಕಾ?" ಎಂದರು.

ಮರುದಿನ ಬೆಳಿಗ್ಗೆ ಬೇಲಿಯಾಚೆ ಆ ನವಿಲನ್ನು ಕಂಡೆ. ಕತ್ತಿನ ನೀಲಿ ಹಾಗೆಯೇ ಇತ್ತು. ಬೆನ್ನಿನ ಮೇಲೆ ಬರೀ ಚರ್ಮ, ಗಾಯ, ನೊಣ. ಮೂರು ಹೆಣ್ಣು ನವಿಲುಗಳು ಕಡಲೆಕಾಯಿ ಹೊಲ ಕೆದಕುತ್ತಿದ್ದವು. ಅವುಗಳ ಮುಂದೆ ಅದು ತನ್ನ ಮೊಳದುದ್ದದ ಕಂದು ಬಾಲವನ್ನು ಎತ್ತಿತು. ರೆಕ್ಕೆ ಇಳಿಬಿಟ್ಟು, ಮೈಯೆಲ್ಲ ನಡುಗಿಸುತ್ತ, ಇಡೀ ಸೋಗೆ ಹೊತ್ತಿರುವಂತೆ ನಿಧಾನವಾಗಿ ಒಂದು ಸುತ್ತು ತಿರುಗಿತು. ಹೆಣ್ಣುಗಳು ತಲೆಯೆತ್ತಲಿಲ್ಲ.

ನೀವು ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಬ್ಲೇಡಿನಿಂದ ಬುಡಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ ರೆಕಾರ್ಡಿನ ಚಾರ್ಟಿಗೆ ಅಂಟಿಸಿದೆ. ಬಹಳ ಅಚ್ಚುಕಟ್ಟು ಎಂದು ಮೇಡಂ ಹೊಗಳಿದರು.

ಮೊನ್ನೆ ನಾನು ಹೊರಟಿದ್ದೂ ಚಿಕ್ಕಪ್ಪನ ಮನೆಗೇ. ಜಗಲಿಯಲ್ಲಿ ಕೂತಿದ್ದಾಗ ಹೇಳಿಬಿಟ್ಟೆ: "ನಾನು ಕಾಗದ ಬರೆದ ತಿಂಗಳಲ್ಲಿ ನವಿಲಿನ ಗರಿ ಉದುರಲ್ಲ ಅಂತ ನನಗೆ ಗೊತ್ತಿತ್ತು, ಚಿಕ್ಕಪ್ಪ."

"ಗೊತ್ತಿದ್ದೂ ಬರೆದೆಯಾ?"

"ಹೂಂ."

ಅವರು ತುಂಬ ಹೊತ್ತು ಅಂಗೈ ನೋಡಿಕೊಂಡರು. ಸಂಜೆ ಬಸ್ಸು ಹತ್ತಿಸಲು ಬಂದರು. ಮುಂದಿನ ಸಲ ಬರುವಾಗ ನಿನಗೆ ಏನು ತೆಗೆದಿಡಲಿ ಎಂದು ಪ್ರತಿ ಸಲವೂ ಕೇಳುತ್ತಿದ್ದವರು, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಕೇಳಲಿಲ್ಲ.